ತಂಗಿಯ ಪಾಳಿ ಬಾರದ ಹೊಸ ಆಟ

ಇವತ್ತು ತಂಗಿ ಸುರಪುರದಿಂದ ಶಹಾಪುರಕ್ಕೆ ಬಂದದ್ದೇ ವಿಡಿಯೊ ಗೇಮ್ ಆಡಲು, ಗೆಳೆಯರೇ. ಚಿಕ್ಕಂದಿನಲ್ಲಿ ನಾವಿಬ್ಬರೂ ಆಡುತ್ತಿದ್ದ ಆಟ ಹೊಸ ರೂಪದಲ್ಲಿ ಬಂದಿದೆ. ಹಳೆಯದರಲ್ಲಿ ನಾನು ಸತ್ತರೆ ಅವಳ ಪಾಳಿ. ಹೊಸದರಲ್ಲಿ ಸಾವೇ ಇಲ್ಲ. ಬಿದ್ದಲ್ಲೇ ಎದ್ದು ಓಡಬಹುದು. ನಾನೇ ಒಂದು ತಾಸು ಓಡಿದೆ.

"ಅಕ್ಕಾ, ಯಾವಾಗ ಸಾಯ್ತಿ?"

"ಇದ್ರಾಗ ಸಾಯಂಗಿಲ್ಲವ್ವ."

"ನಮ್ಮ ಹೊಲಾನೂ ಕೆನಾಲಿನ ಕಡೀ ತುದಿಗೇ ಅದ. ಮ್ಯಾಲಿನವ್ರು ನೀರು ಬಿಡಂಗಿಲ್ಲ, ನಮ್ಮ ಪಾಳಿ ಬರಂಗಿಲ್ಲ. ಇಲ್ಲೂ ಅದೇ ಆತು ನೋಡು," ಎಂದು ನಕ್ಕು, ಐದರ ಬಸ್ಸಿಗೆ ಹೊರಟಳು. ಇನ್ನೊಮ್ಮೆ ಆಟಕ್ಕೆಂದು ಬರಲಾರಳು.

ಹಳೆಯ ಆಟವನ್ನು ಹಾಳು ಮಾಡಿದ್ದಾರೆ ಎಂದು ಇಲ್ಲಿ ಬೈದು ಬರೆಯಲು ಕೂತೆ. ಆದರೆ ಕಂಟ್ರೋಲರ್ ಇದ್ದದ್ದು ನನ್ನ ಕೈಯಲ್ಲಿ. ಸಾಯದೆಯೂ ಅದನ್ನು ತಂಗಿಗೆ ಕೊಡಬಹುದಿತ್ತೆಂದು ಹೊಳೆದದ್ದು ಬಸ್ಸು ಹೋದ ಮೇಲೆ.