ನಾಲ್ಕು ತಂತಿಯವನ ಸದ್ದು

ನಮ್ಮ ಜಹೀರಾಬಾದಿನ ರಾಕ್ ಬ್ಯಾಂಡಿನಲ್ಲಿ ನಾನು ಗಿಟಾರ್, ನನ್ನ ಗೆಳೆಯ ನಾಲ್ಕು ತಂತಿಯ ಬೇಸ್ ಗಿಟಾರ್. ಆರು ತಂತಿಯವನಿಗೆ ಶಾಲು, ನಾಲ್ಕು ತಂತಿಯವನಿಗೆ ವೈರು ಸುತ್ತುವ ಕೆಲಸ. ಮದುವೆಯಿರಲಿ, ಕಾಲೇಜಿರಲಿ, ಜನ ಹಾಡಿದವನನ್ನು ಹೊಗಳುತ್ತಾರೆ, ನನ್ನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅವನನ್ನು ಮಾತ್ರ, ಇನ್ನೂ ಕಲಿಯುತ್ತಿದ್ದೀರೇನು, ಎರಡು ತಂತಿ ಕಮ್ಮಿ ಇವೆಯಲ್ಲ, ಎಂದು ಕೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!

ಅವನ ತಂದೆ ನಾರಾಯಣಖೇಡಿನ ಮಠದ ಭಜನೆಯಲ್ಲಿ ತಬಲಾ ನುಡಿಸುವವರು. ಅವರ ಎಡಗೈಯ ಡಗ್ಗಾ ಕೇಳುತ್ತಲೇ ಇವನು ಬೆಳೆದದ್ದು. ಬೇಸ್ ಹಿಡಿದರೆ ಬೀಳಬೇಕಾದ ಪೆಟ್ಟನ್ನು ಕೂದಲೆಳೆಯಷ್ಟು ತಡೆದು, ಹೆಬ್ಬೆರಳಿನಿಂದ ತಂತಿಗೆ ರಪ್ಪನೆ ಬಡಿದು, ತೋರುಬೆರಳಿನಿಂದ ಎಳೆದು ಬಿಡುತ್ತಾನೆ. ಫಂಕ್ ಸಂಗೀತ ಅಂದರೇನೆಂದು ಗೊತ್ತಿಲ್ಲದವರ ಕಾಲೂ ತಾನಾಗಿ ಆಡಬೇಕು, ಹಾಗೆ. ತಂದೆ ಮಾತ್ರ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಇದೆಂಥ ಬಾಜಾ ಎಂದು ಮುಖ ತಿರುಗಿಸುತ್ತಿದ್ದರು. ಹೋದ ವರ್ಷ ತಾಂಡೂರಿನ ಕಾರ್ಯಕ್ರಮಕ್ಕೆ ಒಲ್ಲೆ ಒಲ್ಲೆ ಅನ್ನುತ್ತಲೇ ಮಗನ ಜೊತೆ ಬಸ್ಸು ಹತ್ತಿದರು. ಅದಕ್ಕೂ ಮೊದಲಿನ ನಾಲ್ಕು ದಿನ ಅವನು ಸರಿಯಾಗಿ ಉಣ್ಣಲಿಲ್ಲ.

ವೇದಿಕೆಯ ಮೇಲೆ ನಮ್ಮ ಬೆನ್ನ ಹಿಂದಿನ ಸಣ್ಣ ಸ್ಪೀಕರಿನಲ್ಲಿ ಅವನ ಬೇಸ್ ನಮಗೆ ಚೆನ್ನಾಗಿ ಕೇಳುತ್ತಿತ್ತು. ಅವತ್ತಿನಂತೆ ಅವನು ಎಂದೂ ನುಡಿಸಿರಲಿಲ್ಲ. ಮೊದಲ ಸಾಲಿನಲ್ಲಿ ತಂದೆ ಯಾಕೋ ಕಿವಿಯ ಹಿಂದೆ ಕೈಯಿಟ್ಟು ಮಗನ ಬೆರಳನ್ನೇ ನೋಡುತ್ತಿದ್ದರು. ನಾವು ಕೆಳಗಿಳಿದಾಗ ಅಂದರು:

"ಕೈ ಛಲೋ ಆಡ್ತದ. ಆದ್ರ ನನಗೇನೂ ಕೇಳಿಸ್ಲಿಲ್ಲಪಾ."

ನಾನು ಹೋಗಿ ಮೈಕ್‌ಸೆಟ್ಟಿನವನ ಮೇಲೆ ಹರಿಹಾಯ್ದೆ. ಎಲ್ಲ ಊರಿಗೂ ನಮ್ಮ ಜೊತೆ ಬರುವವನೇ ಅವನು. ತನ್ನ ಮಿಕ್ಸರ್ ತೋರಿಸಿದ. ಜನರ ಕಡೆಯ ದೊಡ್ಡ ಸ್ಪೀಕರಿಗೆ ಹೋಗುವ ಬೇಸಿನ ಗುಂಡಿಯನ್ನು ಪೂರ್ತಿ ಇಳಿಸಿ ಮೇಲೆ ಟೇಪು ಅಂಟಿಸಿದ್ದ.

"ನೀವೇ ಹೇಳಿದ್ರಲ್ರಿ, ಪೂರ್ತಿ ಇಳ್ಸು, ಇದನ್ಯಾರೂ ಮುಟ್ಟಬಾರ್ದು ಅಂತ."

ಹೇಳಿದ್ದೆ. ಹಿಂದೊಮ್ಮೆ ನಾರಾಯಣಖೇಡಿನಲ್ಲಿ ಬೇಳೆ ವ್ಯಾಪಾರದ ತಗಡಿನ ಶೆಡ್ಡಿನೊಳಗೆ ಕಾರ್ಯಕ್ರಮವಿತ್ತು. ಬೇಸಿಗೆ ತಗಡೆಲ್ಲ ಗಡಗಡ ನಡುಗಿ ನನ್ನ ಗಿಟಾರ್ ಮುಳುಗಿಹೋಗುತ್ತಿತ್ತು. ಸಿಟ್ಟಿನಲ್ಲಿ ಆ ಮಾತು ಹೇಳಿ ಮರೆತುಬಿಟ್ಟಿದ್ದೆ. ಮೈಕ್‌ಸೆಟ್ಟಿನವನು ಮರೆತಿರಲಿಲ್ಲ. ಆಮೇಲೆ ನುಡಿಸಿದ ಊರುಗಳಲ್ಲೆಲ್ಲ ಜನರಿಗೆ ಗೆಳೆಯನ ಬೇಸ್ ಕೇಳಿಸಿಯೇ ಇಲ್ಲ. ನಾನು ನೋಡಿದರೆ ಆ ಜನರನ್ನೇ ಕತ್ತೆ ಎಂದು ಬೈಯುತ್ತ ತಿರುಗಿದ್ದೆ. ಥೂ ನನ್ನ ಜನ್ಮಕ್ಕಿಷ್ಟು!

ಇಷ್ಟನ್ನೂ ಗೆಳೆಯ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಕೂತು ಎಂದಿನಂತೆ ವೈರು ಸುತ್ತಿದ.

ಬಸ್ ಸ್ಟ್ಯಾಂಡಿನಲ್ಲಿ ತಂದೆ ನನ್ನನ್ನೇ ಕೇಳಿದರು, ಹುಡುಗನ ಬಾಜಾ ಕೆಟ್ಟಿತ್ತೇನು ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ:

"ಹೌದಪ್ಪಾ, ನನ್ನ ವೈರೇ ಹೋಗಿತ್ತು. ನಾ ಮೊದಲ ನೋಡ್ಕೋಬೇಕಿತ್ತು."

ಮುಂದಿನ ಸಲ ನೋಡಿಕೊಂಡು ನುಡಿಸು ಎಂದರು ತಂದೆ. ನಾನು ಅವರ ಚೀಲ ಬಸ್ಸಿನೊಳಗಿಟ್ಟೆ.