ಮಂದ್ರದ ದನಿಗೆ ತಕ್ಕ ಮೈಕು

ನಮ್ಮ ಕಡೆಯ ಗಂಡಸಿನ ಹೆಗಲ ಮೇಲಿನ ವಲ್ಲಿಗೆ ಎಷ್ಟು ಕೆಲಸಗಳಿವೆ ಎಂದು ಒಮ್ಮೆ ಎಣಿಸಲು ಕುಳಿತಿದ್ದೆ. ಬೆವರು ಒರೆಸುವುದು, ಬಿಸಿಲಿಗೆ ತಲೆ ಸುತ್ತುವುದು, ಸಂತೆಯಿಂದ ಶೇಂಗಾ ಕಟ್ಟಿ ತರುವುದು, ಮಲಗಿದವನಿಗೂ ನೊಣಕ್ಕೂ ನಡುವೆ ಪರದೆಯಾಗುವುದು, ಹಿರಿಯರೆದುರು ಮಾತಾಡುವಾಗ ಬಾಯಿಗೆ ಅಡ್ಡವಾಗುವುದು. ಹನ್ನೊಂದಕ್ಕೆ ಬಂದು ನಿಲ್ಲಿಸಿದೆ. ದಿನಚರಿ ಬರೆಯುವವನಿಗೆ ಇಂಥ ಚಟಗಳಿರುತ್ತವೆ. ಓದುವ ನೀವು ಸ್ನೇಹಿತರಂತೆ ಸಹಿಸಿಕೊಳ್ಳಬೇಕು. ನನ್ನ ಎಣಿಕೆಗೆ ಸಿಗದ ಇನ್ನೊಂದು ಕೆಲಸವನ್ನು ಅದೇ ವಲ್ಲಿ ಹೋದ ಚಳಿಗಾಲದಲ್ಲಿ ಮಾಡಿ ತೋರಿಸಿತು.

ನಾನು ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬರಲ್ಲಿ ಕಾರಕೂನ. ಗ್ರಾಮಫೋನ್ ತಟ್ಟೆಗಳಿಗೆ ಹಾಡು ಹಿಡಿಯುವ ಕಂಪನಿಯೊಂದರ ಕರೀಮ್ ಸಾಹೇಬರು ಹೈದರಾಬಾದಿನಿಂದ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ತಮ್ಮ ಪೆಟ್ಟಿಗೆಗಳನ್ನು ತಂದು ನಮ್ಮ ಅಂಗಡಿಯಲ್ಲಿಯೇ ಇಳಿಸಿದ್ದರು. ಪೇಟೆಯ ಸೀರೆಗಳೂ ಗದ್ವಾಲದಿಂದ ಬಂದ ಸೀರೆಗಳೂ ಗಂಟುಗಂಟಾಗಿ ನಾಲ್ಕು ಗೋಡೆಗೂ ಒಟ್ಟಿದ್ದ ಒಳಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರು. ಸದ್ದು ಮರಳಿ ಬಾರದ್ದನ್ನು ಕಂಡು ತಲೆದೂಗಿದರು. ಹಾಡುವವರು ಮೈಕಿನೊಂದಿಗೆ ಒಳಗೆ. ಯಂತ್ರದ ಮುಂದೆ ಸಾಹೇಬರು, ಇನ್ನೊಂದು ಕೇಳುಗೊಳವೆಯನ್ನು ಕಿವಿಗೆ ಹಾಕಿಕೊಂಡ ನಾನು ಹೊರಗೆ. ನಡುವೆ ಮುಚ್ಚಿದ ಬಾಗಿಲು. ಮೈಕುಗಳು ಎರಡಿದ್ದವು. ಹಾಡು ಕೆತ್ತುವ ಮೇಣದ ತಟ್ಟೆ ಒಂದೇ ಉಳಿದಿತ್ತು. ಹಾಡಲು ಬಂದವರು ಇಬ್ಬರು.

ಒಬ್ಬರು ನಮ್ಮ ಪೇಟೆಯ ನೇಕಾರ ಸಂಗಪ್ಪನವರು. ಮಗ್ಗದ ಕುಣಿಯಲ್ಲಿ ಕುಳಿತು ಹಾಡಿದರೆ ಪಕ್ಕದ ಮನೆಯ ತಾಮ್ರದ ಕೊಡ ನಡುಗುವಂಥ ದನಿ. ಇನ್ನೊಬ್ಬ ಅವರ ಹೆಂಡತಿ ನೀಲಮ್ಮನವರ ತಮ್ಮ, ಮಖ್ತಲದ ವಿರೂಪಾಕ್ಷಿ. ದನಿ ಜರಿಯ ಎಳೆಯಂತೆ ತೆಳುವು, ಹೊಳಪು. ಭಜನೆಯಲ್ಲಿ ಮುಂದಾಳು ಯಾವಾಗಲೂ ವಿರೂಪಾಕ್ಷಿ, ಅವನ ಹಿಂದೆ ಎಳೆದು ಹಾಡುವವರು ಸಂಗಪ್ಪ.

"ಮಾವನ ದನಿ ಮೈಕಿಗೆ ಹಿಡಸಂಗಿಲ್ರಿ ಸಾಹೇಬ್ರ," ಎಂದ ವಿರೂಪಾಕ್ಷಿ. "ಅದಕ್ಕ ಬಾವಿ ತೋಡಬೇಕು."

"ನಿನ್ನ ದನಿಗಿ ಬಾವಿ ಯಾಕಪಾ, ಚಮಚಾ ಸಾಕು," ಎಂದರು ಸಂಗಪ್ಪ.

ನಗು ಮುಗಿದ ಮೇಲೆ ಅವರು ಸಾಹೇಬರ ಹತ್ತಿರ ಸರಿದು ಹೇಳಿದ್ದು ಬೇರೆ. "ನಾ ಹಾಡೋದು ನಮ್ಮಪ್ಪ ಕಟ್ಟಿದ ಪದರಿ. ಇದರ ಮಟ್ಟು ಕೆಳಗಿಂದ ಏಳ್ತೈತಿ. ನನ್ನ ಮಕ್ಕಳಿಬ್ಬರಿಗೂ ತಾಯಿ ದನಿ ಬಂದೈತಿ, ಅವರಿಗಿ ಇದು ನಿಲಕಂಗಿಲ್ಲ. ನಾ ಹೋದ್ರ ಮಟ್ಟೂ ಹೋಗ್ತೈತಿ. ಒಂದು ಸಲ ಹಿಡದು ಇಡ್ರಿ."

ಸಾಹೇಬರು ಭರವಸೆ ಕೊಡಲಿಲ್ಲ. ರಾಯಚೂರಿನಲ್ಲಿ ಬೆಳೆದವರಾದ್ದರಿಂದ ಕನ್ನಡದಲ್ಲಿಯೇ, "ನೋಡೋಣ್ರಿ, ಮೈಕು ಏನಂತೈತಿ," ಎಂದರು.

ಮೊದಲು ಇಟ್ಟದ್ದು ಇದ್ದಿಲ ಪುಡಿ ತುಂಬಿದ ಮೈಕು. ಸಂಗಪ್ಪನವರ ದನಿ ಅದರಲ್ಲಿ ಕಡ್ಡಿಪೆಟ್ಟಿಗೆಯೊಳಗಿನ ದುಂಬಿಯಾಗಿ ಕೇಳಿಸಿತು. ಮೇಲಿನ ಸ್ವರಗಳಿದ್ದವು, ಕೆಳಗಿನ ನೆಲವೇ ಇರಲಿಲ್ಲ. ಎರಡನೆಯದರ ಒಳಗೆ ಕಾಗದಕ್ಕಿಂತ ತೆಳುವಾದ ಲೋಹದ ಪಟ್ಟಿಯೊಂದು ತೂಗುತ್ತಿತ್ತು. ಸಂಗಪ್ಪ ಅದಕ್ಕೆ ಗೇಣು ದೂರದಲ್ಲಿ ನಿಂತು ಹಾಡಿದಾಗ ದನಿ ತುಂಬಿ ಬಂತು, ತುಂಬಿ ಹರಿಯಿತು ಕೂಡ. ಪದಗಳೆಲ್ಲ ಒಂದರೊಳಗೊಂದು ಕರಗಿ ಬರಿಯ ಗುಂಯ್ಗಾರ ಉಳಿಯಿತು. ಸಾಹೇಬರು ಒಳಗೆ ಓಡಿ, "ದೂರ ನಿಲ್ರಿ! ಇದರ ಮ್ಯಾಲ ಉಸಿರು ಬೀಳಬಾರದು, ಒಳಗಿನ ಪಟ್ಟಿ ಹರೀತೈತಿ," ಎಂದು ಗದರಿ, ಎರಡು ಮೊಳ ದೂರ ನಿಲ್ಲಿಸಿ ಬಾಗಿಲೆಳೆದುಕೊಂಡು ಬಂದರು.

ಈ ಸಲ ಕೇಳಿಸಿದ್ದು ಕಂಬಳಿ ಹೊದ್ದು ಮಲಗಿದವನ ಗೊಣಗು. ಸಾಹೇಬರು ತಿರುಪು ತಿರುಗಿಸಿದರು, ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿದರು. ಕೊನೆಗೆ ಕೇಳುಗೊಳವೆ ತೆಗೆದಿಟ್ಟು, "ಇಂಥ ದಪ್ಪ ದನಿಗಿ ನನ್ನ ಹತ್ತಿರ ಮೈಕಿಲ್ಲ. ನೀ ಬಾರೋ ವಿರೂಪಾಕ್ಷಿ," ಎಂದರು. ನಮ್ಮ ಪಕ್ಕದಲ್ಲಿ ಸರದಿ ಕಾಯುತ್ತ ಕುಳಿತಿದ್ದ ವಿರೂಪಾಕ್ಷಿ ಎದ್ದನೇ ಹೊರತು ಮೊದಲಿನಂತೆ ನಗಲಿಲ್ಲ.

ಅಷ್ಟರಲ್ಲಿ ಗಂಡನಿಗೆ ಬಿಸಿನೀರು ತಂದ ನೀಲಮ್ಮ ಬಾಗಿಲು ತೆರೆದರು; ತೆರೆದವರು ಅಲ್ಲಿಯೇ ನಿಂತು ನಕ್ಕರು. "ಏನ್ರೀ ಇದು! ಮೈಕಿನ ಮುಂದ ನಿಂತೀರೋ, ಮಠದ ಸ್ವಾಮಿಗಳ ಮುಂದ ನಿಂತೀರೋ?"

ಬಗ್ಗಿ ನೋಡಿದೆವು. ಸಂಗಪ್ಪ ಎರಡು ಮೊಳ ದೂರದಲ್ಲಿ, ವಲ್ಲಿಯನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು.

"ಉಸಿರು ತಾಕಬಾರದು ಅಂದ್ರಲ್ರಿ," ಎಂದರು, ವಲ್ಲಿ ಸರಿಸದೆ. "ದೇವರ ದೀಪಾನ ಬಾಯಿಲೆ ಊದಿ ಆರಸ್ತೇವೇನು? ಹಂಗ ಅನಕೊಂಡೆ."

ಸಾಹೇಬರು ನಗಲಿಲ್ಲ. ವಲ್ಲಿಯನ್ನು ತಾವೇ ಮೆಲ್ಲಗೆ ತೆಗೆದು ಅವರ ಹೆಗಲಿಗೆ ಹಾಕಿ, ಉಸಿರು ಮೈಕಿನ ಪಕ್ಕದಿಂದ ಹಾದುಹೋಗುವಂತೆ ಮುಖವನ್ನು ತುಸು ಓರೆಯಾಗಿಸಿ ನಿಲ್ಲಿಸಿದರು. ಆಮೇಲೆ ಕೇಳಿದ್ದನ್ನು ಹೇಗೆ ಹೇಳಲಿ? ದನಿ ಗಟ್ಟಿಯಾಗಿತ್ತು, ಪದಗಳು ಬಿಡಿಬಿಡಿಯಾಗಿದ್ದವು. ಕೆಳಗಿನ ಸ್ವರ ಏಳುವಾಗ ಅದಕ್ಕೆ ಮುಂಚಿನ ಉಸಿರೂ ಕೇಳಿಸಿತು. ಮೈಕು ಅದೇ, ಗಂಟಲು ಅದೇ. ಮನುಷ್ಯರಲ್ಲಿಯೂ ಹೀಗೆ ಕೆಲವರಿದ್ದಾರೆ: ಮೈಮೇಲೆ ಬಂದು ನಿಂತರೆ ಬರಿಯ ಗದ್ದಲ, ಮರ್ಯಾದೆಯ ಮರೆಯಲ್ಲಿ ನಿಂತರೆ ಬರಿಯ ಗೊಣಗು, ತಕ್ಕ ದೂರದಲ್ಲಿ, ತುಸು ಓರೆಯಾಗಿ ನಿಂತಾಗ ಮಾತ್ರ ಅವರ ಮಾತು ನಮಗೆ ತಿಳಿಯುತ್ತದೆ. ಕೇಳುವವನಿಗೆ ಅವರು ನಿಲ್ಲುವ ಜಾಗ ಹುಡುಕುವಷ್ಟು ತಾಳ್ಮೆ ಇರಬೇಕು.

ತಟ್ಟೆ ಸಂಗಪ್ಪನವರಿಗೇ ಸಂದಿತು. ಹಾಡು ಮುಗಿದೊಡನೆ, "ಒಂದು ಸಲ ಕೇಳಸ್ರಿ," ಎಂದರು. ಹಸಿ ಮೇಣದ ಮೇಲೆ ಮುಳ್ಳು ಓಡಿಸಿದರೆ ಗೀರೆಲ್ಲ ಕೆಡುತ್ತದೆ, ಅಚ್ಚಿಗೆ ಬರುವುದಿಲ್ಲ ಎಂದು ಸಾಹೇಬರು ತಿಳಿಸಿದರು. ಸಂಗಪ್ಪ ಪೆಟ್ಟಿಗೆಯನ್ನು ಒಂದು ಗಳಿಗೆ ನೋಡಿ, "ಹಂಗಾದ್ರ ಮುಚ್ಚಿಬಿಡ್ರಿ," ಎಂದರು.

ಬೇಸಿಗೆ ಕಳೆಯುವ ಹೊತ್ತಿಗೆ ಅಚ್ಚಾದ ತಟ್ಟೆ ಬಂತು. ಅಂಗಡಿಯ ಗ್ರಾಮಫೋನಿನಲ್ಲಿ ಅದನ್ನು ಕೇಳಿ ನಾವೆಲ್ಲ ಹಿಗ್ಗಿದೆವು. ಸಂಗಪ್ಪನವರೊಬ್ಬರದೇ ಮುಖ ಬಾಡಿತು. "ನನ್ನ ದನಿ ಇಷ್ಟ ತೆಳ್ಳಗೈತೇನು?"

"ನಮಗ ದಿನಾ ಕೇಳಸೋದು ಇದ ದನಿರೀ," ಎಂದರು ನೀಲಮ್ಮ.

ತನ್ನ ದನಿಯನ್ನು ಪ್ರತಿಯೊಬ್ಬನೂ ತನ್ನ ಎಲುಬಿನೊಳಗಿಂದ ಕೇಳಿಕೊಳ್ಳುತ್ತಾನೆ. ಆ ಆಳ ಹೊರಗಿನವರಿಗೆ ತಲುಪುವುದಿಲ್ಲ. ಅದನ್ನು ಹಿಡಿಯುವ ಮೈಕನ್ನು ಯಾವ ಸಾಹೇಬರೂ ತರಲಾರರು.

ವಿರೂಪಾಕ್ಷಿ ತಟ್ಟೆಯನ್ನು ಮಖ್ತಲಕ್ಕೆ ಒಯ್ದ. ಶ್ರಾವಣದ ಒಂದು ಸೋಮವಾರ ಅಲ್ಲಿನ ಭಜನೆಗೆ ಸಂಗಪ್ಪನವರ ಜೊತೆ ನಾನೂ ಹೋಗಿದ್ದೆ. ಅವನು ಯಾರಿಗೂ ಹೇಳದೆ, ತಟ್ಟೆ ಕೇಳಿ ಕಲಿತಿದ್ದ ಆ ಪದವನ್ನೇ ಎತ್ತಿಕೊಂಡ, ತನ್ನ ಎತ್ತರದ ಶ್ರುತಿಯಲ್ಲಿ. ನಾನು ಸಂಗಪ್ಪನವರನ್ನೇ ನೋಡುತ್ತಿದ್ದೆ. ಪಲ್ಲವಿ ಮುಗಿಯುವವರೆಗೂ ಅವರು ತಲೆ ಎತ್ತಲಿಲ್ಲ. ಏಳಬೇಕಾದ ಕಡೆ ಮಟ್ಟು ಎದ್ದಿತು, ತಿರುಗಬೇಕಾದ ಕಡೆ ತಿರುಗಿತು. ಆಳವೊಂದು ಇರಲಿಲ್ಲ, ಉಳಿದದ್ದೆಲ್ಲ ಇತ್ತು.

ವಿರೂಪಾಕ್ಷಿ ಅಂಜುತ್ತ ಕೇಳಿದ: "ತಪ್ಪೈತೇನು, ಮಾವಾ?"

"ತಪ್ಪಿಲ್ಲ. ಎರಡನೇ ನುಡಿ ಹಿಡಿ," ಎಂದರು ಸಂಗಪ್ಪ, ಅವನು ಹಿಡಿದಾಗ ಅದರ ಕೆಳಗೆ ತಮ್ಮ ದನಿಯನ್ನು ಹಾಸಿದರು.