ಹಿಲ್ಕಾ ಕೊಟ್ಟ ಕಾಫಿ

ತೋರ್ನಿಯೊದಲ್ಲಿ ಹಿಲ್ಕಾಳಷ್ಟು ಗಡಿಯಾರ ನೋಡುವ ಹೆಂಗಸು ಇನ್ನೊಬ್ಬಳಿಲ್ಲ. ಮೂವತ್ತು ವರ್ಷ ನದಿಯಾಚೆಯ ಹಾಪರಾಂಡದ ಶಾಲೆಯಲ್ಲಿ ಅಡುಗೆ ಮಾಡಿದವಳು. ಮನೆ ಫಿನ್‌ಲೆಂಡಿನಲ್ಲಿ, ಒಲೆ ಸ್ವೀಡನ್ನಿನಲ್ಲಿ. ಸೇತುವೆ ದಾಟಿದರೆ ಸಮಯ ಒಂದು ಗಂಟೆ ಹಿಂದೆ. ಒಂದು ದಿನವೂ ಮಕ್ಕಳ ಊಟ ತಡವಾಗಲಿಲ್ಲ ಎಂದು ಈಗಲೂ ಜಂಬ ಕೊಚ್ಚುತ್ತಾಳೆ. ಕೇಳಿ ಕೇಳಿ ನನಗಂತೂ ಸಾಕಾಗಿದೆ.

ಆ ಜಂಬ ನೋಡಿಯೇ ಎರಡು ದೇಶಗಳ ಚಳಿಗಾಲದ ಕಾರ್ ರ‍್ಯಾಲಿಯವರು ಅವಳನ್ನು ಸಮಯ ಬರೆಯುವ ಮೇಜಿಗೆ ಕೂರಿಸಿದ್ದರು. ಪಕ್ಕದ ಕುರ್ಚಿಯಲ್ಲಿ ನಾನು, ನಿವೃತ್ತ ಅಂಚೆಯವನು. ಕಾರು ಹಳದಿ ಫಲಕ ದಾಟಿ ಬಂದಾಗ ಅವಳು ನಿಮಿಷ ಬರೆಯಬೇಕು, ನಾನು ಠಸ್ಸೆ ಒತ್ತಬೇಕು. ಅರ್ಧ ಗಂಟೆಗಿಂತ ತಡವಾದರೆ ಕಾರು ಔಟ್. ಸ್ಪರ್ಧಿಗಳಿಗೆ ನಾವು ಸಮಯ ನೆನಪಿಸುವಂತಿಲ್ಲ.

ಪಟ್ಟಿಯ ಕೊನೆಯ ಕಾರು ಹಿಲ್ಕಾಳ ತಂಗಿ ಸೈಮಿಯದು. ಹಾಪರಾಂಡದ ಸ್ತುರೆಯನ್ನು ಮದುವೆಯಾಗಿ ನಲವತ್ತು ವರ್ಷದಿಂದ ಅವಳು ಆ ಕಡೆಯವಳು. ಅವನು ಓಡಿಸುತ್ತಾನೆ, ಇವಳು ದಾರಿ ಹೇಳುತ್ತಾಳೆ. ನಾಲ್ಕು ಸಲ ಹೊರಟು ನಾಲ್ಕು ಸಲವೂ ಹಿಮದಲ್ಲಿ ಹೂತುಕೊಂಡಿದ್ದರು. ಸ್ತುರೆಯ ಕಣ್ಣು ಮಂಜಾಗುತ್ತಿತ್ತು. ಮುಂದಿನ ವರ್ಷ ಲೈಸೆನ್ಸ್ ಇರುವುದಿಲ್ಲ. ಒಮ್ಮೆಯಾದರೂ ಕೊನೆಯ ಗೆರೆ ಮುಟ್ಟಬೇಕೆಂಬುದಷ್ಟೇ ಸೈಮಿಯ ಆಸೆ.

ಎರಡನೆಯ ದಿನ ಅವರು ಹೊರಡಬೇಕಾದದ್ದು ಹತ್ತು ನಲವತ್ತೆರಡಕ್ಕೆ. ಉಳಿದವರೆಲ್ಲ ಹೋಗಿಯಾದ ಮೇಲೆ, ಹತ್ತು ಐವತ್ತಕ್ಕೆ ಕಾರು ಬಂತು. ಬಂದದ್ದು ಫಲಕದ ಆಚೆಗೇ ನಿಂತಿತು. ಸ್ತುರೆ ಕಿಟಕಿಯಿಂದ ಖಾಲಿ ಅಂಗಳ ನೋಡಿ, ನಾವೇ ಮೊದಲು ಎಂದು ಹಿಗ್ಗಿದ. ಸೈಮಿ ಆರಾಮಾಗಿ ಮೊಟ್ಟೆ ಸುಲಿಯತೊಡಗಿದಳು. ಇವಳಿಗೇನಾಯಿತಪ್ಪಾ ಎಂದು ಪಕ್ಕಕ್ಕೆ ತಿರುಗಿದರೆ ಹಿಲ್ಕಾಳ ಮುಖ ಬಿಳಿಚಿಕೊಂಡಿತ್ತು.

"ನಿನ್ನೆ ಫೋನಲ್ಲಿ ಪಟ್ಟೀಲಿರೋದನ್ನೇ ಓದ್ಬಿಟ್ಟೆ ಕಣೋ," ಎಂದಳು.

ನಮ್ಮ ಈ ಎರಡು ಊರುಗಳಲ್ಲಿ ಕಾಫಿಗೆ ಕರೆದರೆ ಕರೆದವರ ಮನೆಯ ಗಡಿಯಾರವೇ ಲೆಕ್ಕ. ಉಳಿದ ಯಾವ ಸಂಗತಿಯಾದರೂ ಕೇಳುವವರ ಗಡಿಯಾರಕ್ಕೆ ತಿರುಗಿಸಿಯೇ ಹೇಳುತ್ತೇವೆ, ಅದು ಮರ್ಯಾದೆ. ನಲವತ್ತು ವರ್ಷದಲ್ಲಿ ಮೊದಲ ಸಲ ಹಿಲ್ಕಾ ಒಂದು ಗಂಟೆ ಕಳೆಯುವುದನ್ನು ಮರೆತಿದ್ದಳು. ರ‍್ಯಾಲಿ ನಡೆಯುವುದು ಫಿನ್‌ಲೆಂಡ್ ಸಮಯದಲ್ಲಿ ಎಂದು ನಿಯಮದ ಪುಸ್ತಕದಲ್ಲಿತ್ತು ನಿಜ, ಆದರೆ ಅಕ್ಕ ಹೇಳಿದ್ದನ್ನು ಸೈಮಿ ಪುಸ್ತಕದಲ್ಲಿ ನೋಡುವವಳಲ್ಲ. ಅವಳ ಸ್ವೀಡನ್ ಗಡಿಯಾರದಲ್ಲಿ ಆಗಿನ್ನೂ ಒಂಬತ್ತು ಐವತ್ತು, ಬೇಕಾದಷ್ಟು ಹೊತ್ತಿತ್ತು.

ನಾನಾಗಿದ್ದರೆ ಕೂಗಿಬಿಡುತ್ತಿದ್ದೆ. ಇವಳೇನು ಮಾಡುತ್ತಾಳೋ ನೋಡೋಣ ಎಂಬ ಕುತೂಹಲ ನನ್ನ ಬಾಯಿ ಕಟ್ಟಿತು. ಹನ್ನೊಂದು ಐದಕ್ಕೆ ಹಿಲ್ಕಾ ಎದ್ದಳು. ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಹೋಗಿ ಕಾರಿನ ಕಿಟಕಿಯೊಳಗೆ ಚಾಚಿದಳು.

"ನನ್ ಹತ್ರಾನೇ ಇದ್ಯಲ್ಲಕ್ಕ," ಎಂದು ಸೈಮಿ ನಕ್ಕಳು.

"ಇದು ನಮ್ಮನೇದು. ಕುಡಿ."

ಸೈಮಿ ಲೋಟ ತುಟಿಗಿಟ್ಟವಳು ಹಾಗೇ ತಡೆದಳು. ಅಕ್ಕನನ್ನು ನೋಡಿದಳು, ಕೈಗಡಿಯಾರ ನೋಡಿದಳು. ಮೊಟ್ಟೆ ಮಡಿಲಿನಿಂದ ಉರುಳಿಹೋಯಿತು.

ಕಾರು ಫಲಕ ದಾಟಿದ್ದು ಹನ್ನೊಂದು ಹತ್ತಕ್ಕೆ. ಇಪ್ಪತ್ತೆಂಟು ನಿಮಿಷ ತಡ ಎಂದು ಹಿಲ್ಕಾ ಬರೆದಳು, ಒಂದು ನಿಮಿಷವೂ ಬಿಡಲಿಲ್ಲ. ಕಾರು ಕಣ್ಮರೆಯಾದ ಮೇಲೆ ಇನ್ನೊಂದು ಹಾಳೆ ಎಳೆದುಕೊಂಡು ತಂಗಿಗೆ ನಮ್ಮನೆಯ ಕಾಫಿ ಕೊಟ್ಟೆ ಎಂದು ತನ್ನ ಮೇಲೇ ದೂರು ಬರೆದು, ಹೆಲ್ಸಿಂಕಿಯಿಂದ ಬಂದಿದ್ದ ಮುಖ್ಯಾಧಿಕಾರಿಯ ಮುಂದಿಟ್ಟಳು. ಆತ ಓದಿ ಗೊಳ್ಳೆಂದು ನಕ್ಕ. ತಂಗಿಗೆ ಒಂದು ಲೋಟ ಕಾಫಿ ಕೊಡಬಾರದೆಂದು ಯಾವ ನಿಯಮವೂ ಇಲ್ಲ ಎಂದು ಹಾಳೆ ಹರಿದುಹಾಕಿದ.

ಸಂಜೆ ಸೈಮಿ, ಸ್ತುರೆ ಎಲ್ಲರಿಗಿಂತ ಕೊನೆಯವರಾಗಿ ಗೆರೆ ಮುಟ್ಟಿ ಮಕ್ಕಳಂತೆ ಅತ್ತರು. ಚಪ್ಪಾಳೆ ತಟ್ಟುವವರಲ್ಲಿ ಹಿಲ್ಕಾ ಮುಂದೆ ನಿಂತಿದ್ದಳು. ಆಮೇಲೆ ಬಂದು ತನ್ನ ಬಿಲ್ಲೆ ಕಳಚಿ ಮೇಜಿನ ಮೇಲಿಟ್ಟಳು. ಇನ್ನು ಈ ಕುರ್ಚಿ ಬೇಡವಂತೆ. ಆ ಅಧಿಕಾರಿಯೇ ತಪ್ಪಿಲ್ಲ ಎಂದ ಮೇಲೆ ನಿನ್ನದೇನು ಗೋಳು ಎಂದು ರೇಗಿದೆ.

"ಅವ್ರು ದೂರದೋರು, ಕಾಫಿ ಅಂದ್ಕೊಂಡ್ರು," ಎಂದಳು. "ನೀನು ಈ ಊರೋನು. ನಾನು ಕೊಟ್ಟಿದ್ದೇನು, ನೀನೇ ಹೇಳು."